ಕೊಳ್ಳೇಗಾಲದಲ್ಲಿ ಹಿಮ ಸುರಿಸಿದ ಮೇಷ್ಟ್ರು

ಸತ್ತೇಗಾಲದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಳ್ಳಬಹುದಿತ್ತು. ಮಳವಳ್ಳಿ ದಾಟಿದ ಮೇಲೆ ಟೈರು ಪಂಕ್ಚರಾಗಬಹುದಿತ್ತು. ಪಾಸ್‌ಪೋರ್ಟಿನಲ್ಲಿ ಸ್ಟೆಲ್ಲಾ ಮೇರಿ ಎಂದು ಬಿಡಿಸಿ ಬರೆದದ್ದೂ ಆಧಾರ್ ಕಾರ್ಡಿನಲ್ಲಿ ಸ್ಟೆಲ್ಲಾಮೇರಿ ಎಂದು ಕೂಡಿಸಿ ಬರೆದದ್ದೂ ತಾಳೆಯಾಗದೆ ನನ್ನ ಶಿಷ್ಯೆಯನ್ನು ಪರೀಕ್ಷೆಯ ಬಾಗಿಲಲ್ಲೇ ತಡೆಯಬಹುದಿತ್ತು. ಹಿಂದಿನ ದಿನ ಯಾರದೋ ಮದುವೆಗೆ ಹೋಗಿ ಐಸ್‌ಕ್ರೀಮು ತಿಂದು ಅವಳ ಗಂಟಲು ಕಟ್ಟಿರಬಹುದಿತ್ತು. ಅದೇ ದಿನ ಬೆಂಗಳೂರಿನಲ್ಲಿ ಯಾವುದಾದರೂ ಮೆರವಣಿಗೆ ಹೊರಡಬಹುದಿತ್ತು. ಪರೀಕ್ಷೆಯ ದಿನಾಂಕವನ್ನು ನಾನೇ ತಪ್ಪಾಗಿ ಓದಿಕೊಂಡಿರಬಹುದಿತ್ತು. ನಾಲ್ಕು ಸಲ ಓದಿದ್ದೆ, ನಾಲ್ಕು ಸಲವೂ ತಪ್ಪಾಗಿಯೇ ಓದಿರಬಹುದಲ್ಲ! ಕೊನೆಗೆ, ಪರೀಕ್ಷೆಯ ಕಟ್ಟಡದ ಮೆಟ್ಟಿಲ ಮೇಲೆ ನನಗೇ ಬಿ.ಪಿ. ಏರಿ, ಆ ಹುಡುಗಿ ಪರೀಕ್ಷೆ ಬಿಟ್ಟು ನನ್ನ ಶುಶ್ರೂಷೆಗೆ ಕೂರಬೇಕಾಗಬಹುದಿತ್ತು. ನರ್ಸ್ ಅಲ್ಲವೇ, ಬಿಟ್ಟು ಹೋಗುವ ಜಾತಿಯವಳಲ್ಲ.

ಇವನ್ನೆಲ್ಲ ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೆ. ನನ್ನ ಹೆಂಡತಿ ಗಿರಿಜಾ ಅದನ್ನು ಓದಿ, "ರೀ, ಭೂಕಂಪ ಬಿಟ್ಟೋಗದೆ, ಸೇರಿಸ್ಕಳಿ" ಎಂದಳು. ಸೇರಿಸಿಕೊಂಡೆ.

ಆ ಪಟ್ಟಿಯಲ್ಲಿದ್ದ ಒಂದೂ ನಡೆಯಲಿಲ್ಲ. ನಡೆದದ್ದು ಪಟ್ಟಿಯಲ್ಲಿರಲಿಲ್ಲ. ಅದನ್ನು ಹೇಳುವ ಮೊದಲು, ಈ ಸೀಮೆಯಲ್ಲಿ ಜರ್ಮನ್ ಪಾಠ ಹೇಳಿ ಹೊಟ್ಟೆ ಹೊರೆಯುವುದು ಎಂದರೆ ಏನು ಎನ್ನುವುದನ್ನು ಹೊಸದಾಗಿ ಈ ಕೆಲಸಕ್ಕೆ ಇಳಿಯುತ್ತಿರುವವರಿಗೆ ತಿಳಿಸಬೇಕು. ನೀವು ಈಗ ಬಹಳ ಜನ ಇದ್ದೀರಿ. ನಾನು ಶುರುಮಾಡಿದಾಗ ಕೊಳ್ಳೇಗಾಲ, ಹನೂರು, ಯಳಂದೂರು ಮೂರಕ್ಕೂ ಸೇರಿ ನಾನೊಬ್ಬನೇ ಇದ್ದೆ. ಆದ್ದರಿಂದ ನಾನು ತಪ್ಪು ಹೇಳಿಕೊಟ್ಟರೆ ತಪ್ಪು ಎನ್ನುವವರು ಯಾರೂ ಇರಲಿಲ್ಲ.

ನಾನು ಜರ್ಮನಿಯನ್ನು ನೋಡಿದವನಲ್ಲ. ಮೈಸೂರಿನಲ್ಲಿ ಓದುವಾಗ ಫ್ರೆಂಚ್ ತರಗತಿ ತುಂಬಿಹೋಗಿತ್ತು, ಪಕ್ಕದ ಕೋಣೆಯಲ್ಲಿ ಜಾಗವಿತ್ತು, ಅದು ಜರ್ಮನ್. ಹೀಗೆ ಹಿಡಿದ ಭಾಷೆ ಡಿಪ್ಲೊಮಾವರೆಗೆ ಬಂದು ಪೆಟ್ಟಿಗೆ ಸೇರಿತು. ಅನಂತರ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಇಂಗ್ಲಿಷ್ ಹೇಳಿಕೊಂಡಿದ್ದೆ. ಪ್ರತಿ ವರ್ಷವೂ ಈ ವರ್ಷ ತೆಗೆದುಹಾಕುತ್ತಾರೆ ಎಂದು ಚಿಂತಿಸಿ ಚಿಂತಿಸಿ, ನಿಜವಾಗಿ ತೆಗೆದುಹಾಕಿದ ವರ್ಷ ಏನೋ ಒಂದು ಕೆಲಸ ಮುಗಿದಂತೆ ನಿರಾಳವಾಯಿತು. ಆಗ ಸಿಕ್ಕವರು ಪುಟ್ಟಬಸಪ್ಪನವರು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಅವರ ರೇಷ್ಮೆ ಸೀರೆ ಅಂಗಡಿ. ಮಹಡಿಯ ಮೇಲೆ ಅವರದೇ ಟ್ಯುಟೋರಿಯಲ್. ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕು, ಅಲ್ಲಿಗೆ ಹೋಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕು ಎನ್ನುವ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಮೇಷ್ಟ್ರೇ, ಸೀರೆ ಯಾಪಾರದಲ್ಲಿ ನಾನು ಕಂಡಿದ್ದು ಒಂದೇಯ. ಗಿರಾಕಿ ಕೇಳಿದ್ದು ಇಲ್ಲ ಅನ್ನಬಾರ್ದು. ಜರ್ಮನ್ ಅಯ್ತಾ ನಿಮ್ ತಾವ?"

"ಸ್ವಲ್ಪ ಇದೆ."

"ಎಷ್ಟ್ ಗಜ?" ಎಂದು ನಕ್ಕರು. ಅಲ್ಲಿಂದ ಹನ್ನೆರಡು ವರ್ಷ ಅದೇ ಮಹಡಿ. ವಾರದಲ್ಲಿ ಎರಡು ದಿನ ಹನೂರಿಗೆ, ಶನಿವಾರ ಯಳಂದೂರಿಗೆ ಬಸ್ಸಿನಲ್ಲಿ ಹೋಗಿ ಪಾಠ. ಬಂದವರೆಲ್ಲ ಕೆಲಸದಲ್ಲಿದ್ದ ನರ್ಸುಗಳು. ಡ್ಯೂಟಿ ಮುಗಿಸಿ ಬಂದು ಬೆಂಚಿನ ಮೇಲೆ ಕೂತರೆ ಅರ್ಧ ಗಂಟೆಗೆ ಕಣ್ಣು ಎಳೆಯುತ್ತಿತ್ತು. ನನ್ನ ಪಾಠಕ್ಕೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಮೊದಲ ತಂಡದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು: ಪುಸ್ತಕ ತೆರೆದೆ. ಪುಸ್ತಕದಲ್ಲಿ ಯಾರೋ ರೈಲ್ವೆ ಪ್ಲಾಟ್‌ಫಾರಂ ಹುಡುಕುತ್ತಿದ್ದರು. ರೈಲೇ ಇಲ್ಲದ ತಾಲ್ಲೂಕಿನಲ್ಲಿ ಪ್ಲಾಟ್‌ಫಾರಂ ಏಳು ಎಲ್ಲಿದೆ ಎಂದು ಒಂದು ವಾರ ಹುಡುಕಿದೆವು. ಆಮೇಲೆ ಬೋರ್ಡಿನ ತುಂಬ ಕೋಷ್ಟಕ ಬರೆದೆ. ಜರ್ಮನ್‌ನಲ್ಲಿ ಪ್ರತಿ ನಾಮಪದಕ್ಕೂ ಡೇರ್, ಡೀ, ಡಾಸ್ ಎನ್ನುವ ಮೂರರಲ್ಲಿ ಒಂದು ಬಾಲ ಮುಂದುಗಡೆ ಇರುತ್ತದೆ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕ. ವಾಕ್ಯದಲ್ಲಿ ಜಾಗ ಬದಲಾದರೆ ಆ ಬಾಲವೂ ಬಣ್ಣ ಬದಲಿಸುತ್ತದೆ. ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಯಾಕೆ ಎಂದು ಕೇಳಿದವರಿಗೆ ನನ್ನ ಬಳಿ ಉತ್ತರವಿರಲಿಲ್ಲ, ಜರ್ಮನರ ಬಳಿಯೂ ಇಲ್ಲವಂತೆ. ಮೊದಲ ತಂಡದಲ್ಲಿ ಏಳು ಜನ ಪರೀಕ್ಷೆಗೆ ಹೋದರು. ಏಳು ಜನವೂ ಬಂದರು, ಪಾಸಾಗದೆ.

ಪುಟ್ಟಬಸಪ್ಪನವರು ಬೈಯಲಿಲ್ಲ. "ಓಗ್ಲಿ ಬುಡಿ ಮೇಷ್ಟ್ರೇ, ಮೊದಲ ಸೀರೆ ಯಾವತ್ತೂ ಮಗ್ಗಕ್ಕೆ ಬಲಿ" ಎಂದರು. ಬೈದಿದ್ದರೆ ವಾಸಿಯಿತ್ತು. ನಾನು ಮೂರು ವಾರ ನಿದ್ದೆಗೆಟ್ಟೆ.

ಹಾಡು ಬಂದದ್ದು ಎಷ್ಟೋ ತಂಡಗಳು ಕಳೆದ ಮೇಲೆ, ಒಂದು ಡಿಸೆಂಬರಿನಲ್ಲಿ. ಹನೂರಿನಿಂದ ಪಾಲಾರ್ ಕಡೆಗೆ ಹೋಗುವ ದಾರಿಯಲ್ಲಿ ತಮಿಳು ಮಾತಾಡುವ ಕ್ರೈಸ್ತರ ಹಳ್ಳಿಗಳಿವೆ. ಸ್ಟೆಲ್ಲಾ ಅಲ್ಲಿಯವಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್, ಈಗ ನನ್ನ ಜರ್ಮನ್. ಕೊಳ್ಳೇಗಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದಳು. ಹೆಸರಿಗೆ ನರ್ಸ್, ಬೆಳಿಗ್ಗೆ ಕಸ ಗುಡಿಸುವುದರಿಂದ ಹಿಡಿದು ಡಾಕ್ಟರ ಮಗಳ ಹೋಂವರ್ಕಿನವರೆಗೆ ಅವಳದೇ. "ಸಾ, ನರ್ಸ್ ಕೆಲ್ಸ ಮಾತ್ರ ಮಾಡೋ ನರ್ಸ್ ಆಗ್ಬೇಕು ನಂಗೆ. ಅಷ್ಟೇಯ" ಎಂದು ಸೇರುವಾಗಲೇ ಹೇಳಿದ್ದಳು. ದೊಡ್ಡ ಆಸೆಗಳನ್ನು ಕೇಳಿದಾಗ ನನಗೆ ಭಯವಾಗುತ್ತದೆ. ಇಷ್ಟು ಚಿಕ್ಕದನ್ನು ಕೇಳಿ ಇನ್ನೂ ಭಯವಾಯಿತು.

ಆ ಡಿಸೆಂಬರಿನಲ್ಲಿ ಅವಳು ತೂಕಡಿಸುತ್ತಿದ್ದಳು. ಕೇಳಿದರೆ, ಊರಿಗೆ ಹೋಗಿದ್ದಾಗ ಮನೆಮನೆ ತಿರುಗಿ ಕ್ರಿಸ್‌ಮಸ್ ಹಾಡು ಹೇಳುವ ಗುಂಪಿನಲ್ಲಿ ಸುತ್ತಿ ಬಂದಿದ್ದಳಂತೆ.

"ಜರ್ಮನಿನೋರು ಆಡಕ್ಕಿಲ್ವಾ ಸಾ?" ಎಂದಳು.

ಹಾಡುತ್ತಾರೆ. ಮೈಸೂರಿನಲ್ಲಿ ನಮಗೂ ಒಂದು ಹಳೆಯ ಹಾಡು ಹೇಳಿಕೊಟ್ಟಿದ್ದರು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಉಚ್ಚಾರಣೆಯಲ್ಲಿ ಅದು ಪಟ್ಟ ಪಾಡನ್ನು ನೆನೆದರೆ, ಹೆಸರನ್ನಾದರೂ ಉಳಿಸೋಣ ಎನ್ನಿಸುತ್ತದೆ. ಹಿಮ, ರಾತ್ರಿ, ಕೊಟ್ಟಿಗೆ, ಎತ್ತು, ಕತ್ತೆ, ತಾಯಿ, ಮಗು, ಬೆಳಕು: ಇಷ್ಟೇ ಸಾಮಾನು. ಅಂದು ಧೈರ್ಯಮಾಡಿ ಹಾಡಿದೆ. ಅರ್ಧಗಂಟೆಗೆ ಮುಚ್ಚುತ್ತಿದ್ದ ಕಣ್ಣುಗಳೆಲ್ಲ ತೆರೆದವು. ನನ್ನ ಶಾರೀರ ಹಾಗಿದೆ.

ಮೊದಲ ಪದದಲ್ಲೇ ಎಡವಟ್ಟಾಯಿತು. ಷ್ನೇ, ಹಿಮ. ಕೊಳ್ಳೇಗಾಲದಲ್ಲಿ ಹಿಮ ಎಂದರೆ ಏನು ತೋರಿಸುವುದು? ಆಲಿಕಲ್ಲು ಎಂದೆ. ಅಲ್ಲ, ಹತ್ತಿಯ ಹಾಗೆ ಎಂದೆ. ಅದೂ ಅಲ್ಲ ಎಂದು ನಾನೇ ಒದ್ದಾಡುತ್ತಿದ್ದಾಗ ಸ್ಟೆಲ್ಲಾ, "ಸಾ, ವ್ಯಾಕ್ಸಿನ್ ಫ್ರಿಡ್ಜ್ ಒಳ್ಗಡೆ ಬೆಳ್ಳಗೆ ಕಟ್ಕಂಡಿರ್ತದಲ್ಲಾ, ನಾವು ಚಮಚದಲ್ಲಿ ಕೆರೀತೀವಲ್ಲಾ, ಅದಾ?" ಎಂದಳು. ಇಡೀ ತರಗತಿ "ಓ" ಎಂದಿತು. ಎಲ್ಲರೂ ಕೆರೆದವರೇ. ಆ ಕ್ಷಣ ಮಹಡಿಯ ಮೇಲೆ ಹಿಮ ಬಿತ್ತು.

ಕೊಟ್ಟಿಗೆ ಕಷ್ಟವಾಗಲಿಲ್ಲ, ಎಲ್ಲರ ಊರಲ್ಲೂ ಇತ್ತು. ಡಾಸ್ ಕಿಂಟ್ ಎಂದರೆ ಮಗು, ನಪುಂಸಕ ಲಿಂಗ. "ಕನ್ನಡದಲ್ಲೂ ಮಗು ಅತ್ತಿತು ಅಂತೀವಲ್ಲ ಸಾ, ಅತ್ತನು ಅನ್ನಕ್ಕಿಲ್ವಲ್ಲ" ಎಂದ ಶಿವಮಲ್ಲು. ಅವನು ಯಳಂದೂರಿನವನು, ಗಂಡು ನರ್ಸ್, ಯಾವುದಕ್ಕೂ ಹೆದರದವನು. ನಾನು ಕೋಷ್ಟಕ ಬರೆದು ಬರೆದು ಕಲಿಸಲಾಗದೇ ಹೋದದ್ದು ಒಂದು ಸಂಜೆಗೆ ಒಳಗೆ ಇಳಿದಿತ್ತು. ಕೊಟ್ಟಿಗೆಯ ಒಳಗೆ, ಮಗುವಿನ ಮೇಲೆ, ಎತ್ತಿನ ಪಕ್ಕ: ಡೇರ್, ಡಾಸ್ ಹೋಗಿ ಡೇಮ್ ಆಗುವ ಜಾಗಗಳೆಲ್ಲ ಹಾಡಿನಲ್ಲೇ ಇದ್ದವು. ನಾನು ಬರೀ ಬೆರಳು ತೋರಿಸಬೇಕಿತ್ತು.

ಮುಂದಿನ ವಾರ ಎಲ್ಲರೂ ಸಾಲುಗಳನ್ನು ಮರೆತು ಬಂದರು. ಆಗ ಶಿವಮಲ್ಲು ಒಂದು ಉಪಾಯ ಹೇಳಿದ. ಅವನ ದೊಡ್ಡಪ್ಪ ಮಾದಪ್ಪನ ಕಥೆ ಹಾಡುವವರು, ಬೆಟ್ಟಕ್ಕೆ ಕಂಸಾಳೆ ಹಿಡಿದು ನಡೆಯುವವರು.

"ಸಾ, ಒಬ್ಬೊಬ್ರೇ ಪೂರ್ತಿ ಯೋಳಿ ಅಂದ್ರೆ ಆಯ್ತದಾ? ನಮ್ ದೊಡ್ಡಪ್ಪಾರು ರಾತ್ರಿಯೆಲ್ಲಾ ಆಡ್ತಾರೆ, ಎಂಗೆ? ಅವ್ರು ಮೊದಲರ್ಧ ಯೋಳ್ತಾರೆ, ಇಂದ್ಗಡೆ ಇರೋರು ಸೊಲ್ಲು ಇಡ್ಕತಾರೆ. ನೀವು ಅರ್ಧ ಯೋಳಿ. ನಾವು ಸೊಲ್ಲು ಇಡ್ಕತೀವಿ."

ಹಾಗೇ ಮಾಡಿದೆವು. ನಾನು ಸಾಲಿನ ಮೊದಲರ್ಧ ಎತ್ತುವುದು, ಉಳಿದರ್ಧವನ್ನು ಎಲ್ಲರೂ ಸೇರಿ ಹಿಡಿಯುವುದು. ಸ್ಟೆಲ್ಲಾಳಿಗೂ ಹೊಸದಲ್ಲ, ಅವಳ ಊರಿನ ಕ್ರಿಸ್‌ಮಸ್ ಗುಂಪಿನಲ್ಲೂ ಚರ್ಚಿನ ಉಪದೇಶಿ ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಎರಡು ವಾರಕ್ಕೆ ಹಾಡು ಬಾಯಿಗೆ ಬಂತು. ಶಿವಮಲ್ಲು ಮನೆಯಿಂದ ಕಂಸಾಳೆ ತಂದು ಡೇರ್, ಡೀ, ಡಾಸ್ ಬಂದಲ್ಲೆಲ್ಲ ಬೇರೆ ಬೇರೆ ಪೆಟ್ಟು ಹಾಕತೊಡಗಿದ. ಕೆಳಗೆ ಸೀರೆ ಆರಿಸುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಪುಟ್ಟಬಸಪ್ಪನವರು ಮೆಟ್ಟಿಲು ಹತ್ತಿ ಬಂದರು.

"ಏನ್ ಮೇಷ್ಟ್ರೇ ಇದು, ಪಾಠನಾ, ಅರಕೆನಾ?"

"ವ್ಯಾಕರಣ ಯಜಮಾನ್ರೇ."

"ಅಂಗಾದ್ರೆ ಜೋರಾಗೇ ಮಾಡಿ. ಕೆಳ್ಗಡೆ ಯಾರೋ ಮಾದಪ್ಪನ್ ಪೂಜೆ ಅಂತ ಕೈಮುಗುದ್ರು. ಒಳ್ಳೇದೇಯ."

ಹನೂರಿನಲ್ಲೂ ಯಳಂದೂರಿನಲ್ಲೂ ಇದೇ ಪದ್ಧತಿ ಮಾಡಿದೆ. ಹಾಡಿಗೆ ಒಗ್ಗಿದ್ದು ಎಲ್ಲಕ್ಕೂ ಒಗ್ಗುತ್ತದೆ ಎಂದುಕೊಂಡೆ. ರೋಗಿಯನ್ನು ವಿಚಾರಿಸುವ ಮಾತು, ಔಷಧ ಕೊಡುವ ಸಮಯ, ತಮ್ಮ ಪರಿಚಯ ಹೇಳಿಕೊಳ್ಳುವುದು, ಎಲ್ಲವನ್ನೂ ಅರ್ಧಕ್ಕೆ ಕತ್ತರಿಸಿದೆ. ನಾನು "ನನ್ನ ಹೆಸರು..." ಎನ್ನುವುದು, ಅವರು ಮುಗಿಸುವುದು. ತರಗತಿಯಲ್ಲಿ ಒಂದು ಮಾತೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಓದುವ ಭಾಗ, ಕೇಳುವ ಭಾಗ, ಬರೆಯುವ ಭಾಗಗಳಲ್ಲಿ ಜನ ಪಾಸಾಗತೊಡಗಿದರು. ಪುಟ್ಟಬಸಪ್ಪನವರು ಬೋರ್ಡಿನ ಮೇಲೆ 'ಹಾಡಿನ ಮೂಲಕ ಜರ್ಮನ್' ಎಂದು ಬರೆಸಿದರು. ನಾನು ಹನ್ನೆರಡು ವರ್ಷದಲ್ಲಿ ಚಿಂತೆಯಿಲ್ಲದೆ ಮಲಗಿದ್ದು ಆ ಕೆಲವು ತಿಂಗಳು ಮಾತ್ರ. ಚಿಂತಿಸಬೇಕಾಗಿದ್ದ ತಿಂಗಳುಗಳೂ ಅವೇ.

ಮಾತನಾಡುವ ಭಾಗದಲ್ಲಿ ಮಾತ್ರ ಜನ ಉದುರುತ್ತಿದ್ದರು. ನಾನು ಅದಕ್ಕೆ ಕಾರಣಗಳನ್ನು ಹುಡುಕಿದೆ. ಬೆಂಗಳೂರಿನ ಎ.ಸಿ. ಕೋಣೆ, ಪರೀಕ್ಷಕರ ಗಂಭೀರ ಮುಖ, ಹಳ್ಳಿ ಮಕ್ಕಳ ಅಂಜಿಕೆ. ಶಿವಮಲ್ಲು ಮಾತ್ರ ಮೊದಲ ಸಲವೇ ಗೆದ್ದು ಹೋದ. ನನಗೆ ಗಂಟಲು ಕೂತ ದಿನಗಳಲ್ಲೆಲ್ಲ ನನ್ನ ಬದಲಿಗೆ ಸಾಲು ಎತ್ತುತ್ತಿದ್ದವನು ಅವನೇ. ಇದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಹುಡುಗ ಧೈರ್ಯಸ್ಥ ಎಂದುಕೊಂಡೆ.

ಸ್ಟೆಲ್ಲಾ ಮೂರು ಭಾಗಗಳನ್ನು ಒಂದೇ ಏಟಿಗೆ ಮುಗಿಸಿದಳು. ಮಾತಿನಲ್ಲಿ ಬಿದ್ದಳು. ಎರಡನೆಯ ಸಲವೂ ಬಿದ್ದಳು.

"ಏನಾಯ್ತಮ್ಮಾ?"

"ಬಾಯಿ ಕಟ್ಟೋಯ್ತು ಸಾ."

ಭಯ ಎಂದುಕೊಂಡೆ. ಭಯದ ವಿಷಯದಲ್ಲಿ ನಾನು ತಜ್ಞ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟೆ, ಬಾಯಲ್ಲಿಟ್ಟುಕೊಳ್ಳಲು ಲವಂಗ ಕೊಟ್ಟೆ. ಅಷ್ಟರಲ್ಲಿ ಜರ್ಮನಿಯ ಒಂದು ಆಸ್ಪತ್ರೆ ಅವಳನ್ನು ಫೋನಿನಲ್ಲಿ ಸಂದರ್ಶನ ಮಾಡಿ ಒಪ್ಪಿಕೊಂಡಿತ್ತು. ಅವರು ಪ್ರಶ್ನೆ ಕೇಳಿದರು, ಅವಳು ಉತ್ತರ ಕೊಟ್ಟಳು, ಬಹಳ ಚೆನ್ನಾಗಿ ಮಾತಾಡುತ್ತೀಯ ಎಂದರಂತೆ. ಆದರೆ ಈ ಸಲದ ಪರೀಕ್ಷೆಯ ಫಲಿತಾಂಶದವರೆಗೆ ಮಾತ್ರ ಕಾಯುತ್ತೇವೆ, ಆಮೇಲೆ ಆ ಜಾಗ ಬೇರೆಯವರಿಗೆ ಎಂದು ಪತ್ರ ಬಂತು. ಆ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದು ತೋರಿಸಿದಳು.

"ಇದ್ರಲ್ಲಿ ಕೆಲಸ ಏನೇನು ಅಂತ ಪಟ್ಟಿ ಅಯ್ತೆ ಸಾ. ಕಸ ಗುಡ್ಸೋದು ಇಲ್ಲ."

ಆ ತಿಂಗಳು ನಾವಿಬ್ಬರೂ ಬೇರೇನೂ ಮಾಡಲಿಲ್ಲ. ಪರೀಕ್ಷೆಯಲ್ಲಿ ಮೊದಲು ಇನ್ನೊಬ್ಬ ಅಭ್ಯರ್ಥಿಯ ಜೊತೆ ಸಂಭಾಷಣೆ, ಆಮೇಲೆ ಒಂದು ವಿಷಯದ ಮೇಲೆ ತಾನೊಬ್ಬಳೇ ಕೆಲವು ನಿಮಿಷ ಮಾತಾಡಬೇಕು, ಕೊನೆಗೆ ಅದರ ಮೇಲೆ ಪ್ರಶ್ನೆ. ಕೇಳಬಹುದಾದ ಎಲ್ಲ ವಿಷಯಗಳ ಮೇಲೂ ಮಾತು ಬರೆದುಕೊಟ್ಟೆ. ಕ್ಲಿನಿಕ್ಕಿನ ಮಧ್ಯಾಹ್ನದ ಬಿಡುವಿನಲ್ಲಿ, ಹನೂರಿಗೆ ಹೋಗುವ ಬಸ್ಸಿನಲ್ಲಿ, ಅವಳು ಊರಿಗೆ ಹೋದರೆ ಫೋನಿನಲ್ಲಿ, ನಾನು ಅರ್ಧ ಎತ್ತುವುದು, ಅವಳು ಅರ್ಧ ಹಿಡಿಯುವುದು. ಬಸ್ಸಿನಲ್ಲಿ ಬೆಟ್ಟಕ್ಕೆ ಹೊರಟ ಒಬ್ಬ ಅಜ್ಜಿ ಇಬ್ಬರನ್ನೂ ನೋಡಿ ನೋಡಿ, "ಯಾವ್ ದೇವರ್ದು ಮಗಾ ಈ ಪದ?" ಎಂದಳು. ಸ್ಟೆಲ್ಲಾ ನಗುತ್ತಾ, "ಪರೀಕ್ಸೆ ದೇವರ್ದು ಅಜ್ಜಿ" ಎಂದಳು. "ಒಳ್ಳೇದ್ ಮಾಡ್ಲಿ ಕಣವ್ವಾ" ಎಂದು ಅಜ್ಜಿ ಕೈ ಮುಗಿದಳು. ಒಂದು ಸಾಲೂ ತಪ್ಪುತ್ತಿರಲಿಲ್ಲ. ಅವಳು ಸಿದ್ಧಳಾಗಿದ್ದಾಳೆ ಎಂದು ನಾನು ನನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ವಿಷಯವನ್ನು ನಂಬಿದೆ. ಆದ್ದರಿಂದಲೇ ನನ್ನ ಚಿಂತೆಯೆಲ್ಲ ಬಸ್ಸು, ಟೈರು, ಆಧಾರ್ ಕಾರ್ಡುಗಳ ಕಡೆಗೆ ತಿರುಗಿತು.

ಪರೀಕ್ಷೆಯ ದಿನ, ಹೇಳಿದೆನಲ್ಲ, ಪಟ್ಟಿಯದೊಂದೂ ನಡೆಯಲಿಲ್ಲ. ಬಸ್ಸು ಹೊತ್ತಿಗೆ ಮುಂಚೆಯೇ ತಲುಪಿತು. ಬಾಗಿಲಲ್ಲಿದ್ದವರು ಪಾಸ್‌ಪೋರ್ಟ್ ನೋಡಿ ನಕ್ಕು ಒಳಗೆ ಬಿಟ್ಟರು. ನಾನು ಎದುರಿನ ಮರದ ಕೆಳಗೆ ನಿಂತೆ. ಹೊರಗೆ ಬಂದವಳು, "ಆಯ್ತು ಸಾ" ಎಂದಳು. ಆ ಎರಡು ಪದದ ಮುಂದೆ ಏನು ಕೇಳಿದರೂ ಏನಾದರೂ ಆಗಿಬಿಡಬಹುದೆಂದು ಹೆದರಿ ನಾನು ಕೇಳಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಬಂದಳು.

ಫಲಿತಾಂಶ ಬಂತು. ಮಾತಿನ ಭಾಗ ಮತ್ತೆ ಹೋಗಿತ್ತು. ವಾರದೊಳಗೆ ಆಸ್ಪತ್ರೆಯಿಂದಲೂ ಪತ್ರ ಬಂತು, ಬಹಳ ವಿನಯದ ಪತ್ರ. ವಿನಯದ ಜರ್ಮನ್ ಅರ್ಥವಾಗುವಷ್ಟು ಕಲಿಸಿದ್ದವನು ನಾನೇ.

ನಾನು ಕ್ಲಿನಿಕ್ಕಿಗೆ ಹೋದೆ. ಸಮಾಧಾನ ಹೇಳಲು ಹೋದೆ ಎಂದು ಗಿರಿಜಾಳಿಗೆ ಹೇಳಿದೆ. ನಿಜವಾಗಿ ತಲೆ ಸುತ್ತುತ್ತಿತ್ತು. ಸ್ಟೆಲ್ಲಾ ಪೊರಕೆ ಪಕ್ಕಕ್ಕಿಟ್ಟು ಕೈತೊಳೆದು ಬಂದು ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದಳು.

"ಉಸ್ರು ಬುಡಿ ಸಾ. ಬಿಗಿ ಇಡೀಬ್ಯಾಡಿ. ಏನ್ ಸಾ, ನಿಮ್ದೇ ರಿಸಲ್ಟ್ ಬಂದಂಗೆ ಮಾಡ್ತೀರಿ."

"ನನ್ನದೇ ಅಲ್ವೇನಮ್ಮಾ."

ಪಂಪು ಒತ್ತತೊಡಗಿದಳು. ಈ ಸಲ ಕೇಳಿದೆ. ಒಳಗೆ ಹೋದದ್ದರಿಂದ ಹಿಡಿದು ಒಂದೊಂದೇ ಹೇಳು, ಯಾರು ಏನಂದರು, ನೀನು ಏನಂದೆ ಎಂದೆ.

ಜೊತೆಗಾರ ಒಬ್ಬ ಹುಡುಗ, ಮಾತುಗಾರ. ಅವನೇ ಎತ್ತಿಕೊಂಡ, ಇವಳು ಹಿಡಿದಳು, ಅದು ಸಲೀಸಾಗಿ ಹೋಯಿತು. ಪರೀಕ್ಷಕಿ ತಲೆದೂಗಿದರು. ಆಮೇಲೆ ವಿಷಯದ ಕಾಗದ ಕೊಟ್ಟರು. ಅದು ನಾವು ಹತ್ತಾರು ಸಲ ಹೇಳಿಕೊಂಡಿದ್ದ ವಿಷಯವೇ. ಪರೀಕ್ಷಕಿ ಒಳ್ಳೆಯವರು, ಗಂಭೀರ ಮುಖವೂ ಅಲ್ಲ. ದಯವಿಟ್ಟು, ನಿಧಾನವಾಗಿ ಶುರುಮಾಡಿ ಎಂದು ಪೆನ್ನು ಹಿಡಿದು ನಕ್ಕು ಕೂತರು. ಇವಳೂ ನಕ್ಕಳು.

"ಆಮೇಲೆ?"

"ಅವ್ರು ಕಾದ್ರು ಸಾ. ನಾನೂ ಕಾದೆ."

"ನೀನ್ಯಾಕೆ ಕಾದೆ?"

ಗಾಳಿ ಬಿಟ್ಟು ಪಟ್ಟಿ ಬಿಚ್ಚಿದಳು.

"ಮೊದಲರ್ಧ ಬರ್ಲಿ ಅಂತ. ನೀವು ಯೋಳ್ತಿದ್ರಲ್ಲಾ. ಎಲ್ಲಾ ಒಳಗೇ ಇತ್ತು ಸಾ, ತುದೀಲೇ ಇತ್ತು. ಒಂದು ಪದ ಯಾರಾದ್ರು ಎತ್ಕೊಟ್ಟಿದ್ರೆ ಸಾಕಿತ್ತು. ಮೂರು ಸಲಾನೂ ಅಂಗೇಯ. ಪರೀಕ್ಸೇಲಿ ಯಾರೂ ಎತ್ಕೊಡಕ್ಕಿಲ್ಲ ಅಂತ ಗೊತ್ತು ಸಾ, ಆದ್ರೂ ಬಾಯಿ ಕಾಯ್ತದೆ."

ಹಾಡು ಬಂದ ಮೇಲಿನ ತಂಡಗಳೆಲ್ಲ ಒಬ್ಬೊಬ್ಬರಾಗಿ ಆ ಕುರ್ಚಿಯ ಮೇಲೆ ಕೂತು, ನಗುತ್ತಾ, ಕಾಯುತ್ತಿರುವುದು ಕಂಡಿತು. ಐವತ್ಮೂರಕ್ಕೇ ಯಾಕೆ ನಿವೃತ್ತಿ ತೆಗೆದುಕೊಂಡಿರಿ ಎಂದು ಕೇಳುವವರಿಗೆ ನಾನು ಗಂಟಲು ಸರಿಯಿಲ್ಲ ಎನ್ನುತ್ತೇನೆ. ಆ ಮಧ್ಯಾಹ್ನ ಅಲ್ಲಿಂದ ಎದ್ದು ಹೋಗಿ ಪುಟ್ಟಬಸಪ್ಪನವರ ಕೈಗೆ ಮಹಡಿಯ ಬೀಗದಕೈ ಕೊಟ್ಟೆ. ಆದರೆ ಏಳುವ ಮೊದಲು ಇನ್ನೊಂದು ನಡೆಯಿತು, ಅದನ್ನೂ ಬರೆಯಬೇಕು.

"ಇರಲಿ, ಈಗ ಹೇಳು ನೋಡೋಣ. ಇಲ್ಲಿ ಯಾರೂ ಇಲ್ಲ, ಪರೀಕ್ಷೆಯಲ್ಲ. ನೀನೇ ಶುರುಮಾಡು" ಎಂದೆ.

ಸ್ಟೆಲ್ಲಾ ಸೆರಗಿನ ಹಾಗೆ ಏಪ್ರನ್ ಸರಿಮಾಡಿಕೊಂಡು ನೆಟ್ಟಗೆ ನಿಂತಳು. ತುಟಿ ತೆರೆದಳು. ನನ್ನ ಬಾಯನ್ನೇ ನೋಡಿದಳು. ಗೋಡೆಯ ಗಡಿಯಾರದ ಮುಳ್ಳು ಒಂದು ಸುತ್ತು ಬಂತು. ನಾನು ಹಲ್ಲು ಕಚ್ಚಿ ಕೂತಿದ್ದೆ. ಅವಳ ಕಣ್ಣಲ್ಲಿ ನೀರು ಬಂತು. ಆಗ ನಾನು ಮೊದಲರ್ಧ ಎತ್ತಿಕೊಟ್ಟೆ.